ಟರ್ಬೊ ಕೈಕೊಟ್ಟ ಕಾರನ್ನು ಯಾರ ಲಾರಿಗೆ ಹತ್ತಿಸಬೇಕು?

ಕಾರಿನ ವಾರಂಟಿ ಮುಗಿಯುವ ಹೊತ್ತಿಗೆ ಬಹಳ ಜನರನ್ನು ಕಾಡುವ ಪ್ರಶ್ನೆ ಇದು. ಕಂಪನಿಯ ರೋಡ್‌ಸೈಡ್ ಅಸಿಸ್ಟೆನ್ಸ್ ಅನ್ನು ಹಣ ಕಟ್ಟಿ ಮುಂದುವರಿಸಬೇಕೇ, ವಿಮೆ ನವೀಕರಿಸುವಾಗ ಅದರ ಜೊತೆಗೇ ಸೇರಿಸಿಕೊಳ್ಳಬೇಕೇ, ಇಲ್ಲವೇ ಏನನ್ನೂ ಕೊಳ್ಳದೆ, ಕೆಟ್ಟ ದಿನ ಟೋಯಿಂಗಿನವರನ್ನು ಕರೆದರೆ ಸಾಕೇ? ಪಂಕ್ಚರ್, ಬ್ಯಾಟರಿ, ಒಳಗೇ ಉಳಿದ ಕೀಲಿಕೈ ಇಷ್ಟೇ ನಿಮ್ಮ ಚಿಂತೆಯಾದರೆ ಯಾವುದನ್ನು ಆರಿಸಿದರೂ ಹೆಚ್ಚು ವ್ಯತ್ಯಾಸವಿಲ್ಲ. ಟರ್ಬೊ ಇರುವ ಕಾರಿನ ಲೆಕ್ಕ ಬೇರೆ. ಟರ್ಬೊದ ದೊಡ್ಡ ತೊಂದರೆ ರಸ್ತೆ ಬದಿಯಲ್ಲಿ ರಿಪೇರಿಯಾಗುವುದಿಲ್ಲ. ಕಾರನ್ನು ಹೊತ್ತೊಯ್ಯಲೇಬೇಕು. ಕೊನೆಗೆ ಎಷ್ಟು ಬಿಲ್ ಆಗುತ್ತದೆ ಎನ್ನುವುದು ಕಾರು ನಿಂತ ಮೇಲೆ ಎಂಜಿನ್ ಅನ್ನು ಮತ್ತೆ ಚಾಲೂ ಮಾಡಿದಿರೋ ಇಲ್ಲವೋ, ಕಾರು ಯಾರ ಬಾಗಿಲಲ್ಲಿ ಇಳಿಯಿತು ಎಂಬುದರ ಮೇಲೆ ನಿಂತಿದೆ. ಎಷ್ಟು ನಿಮಿಷದಲ್ಲಿ ಬರುತ್ತೇವೆ ಎಂದು ಕೂಗುವ ಜಾಹೀರಾತುಗಳು ಈ ಎರಡರ ಬಗ್ಗೆ ಮಾತೇ ಆಡುವುದಿಲ್ಲ.

ಟರ್ಬೊ ಕೆಲಸ ಮಾಡುವ ಬಗೆ ಗೊತ್ತಿದ್ದರೆ ಇದು ಸ್ಪಷ್ಟವಾಗುತ್ತದೆ. ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ, ಅದೇ ದಂಡದ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಆ ದಂಡ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುತ್ತದೆ. ಸಣ್ಣ ಎಂಜಿನ್‌ಗಳಲ್ಲಿ ಎರಡು ಲಕ್ಷದ ಹತ್ತಿರಕ್ಕೂ ಹೋಗುವುದುಂಟು. ಅಷ್ಟು ವೇಗದಲ್ಲಿ ಅದನ್ನು ಹಿಡಿದಿಡುವುದು ಎಂಜಿನ್ ಆಯಿಲ್‌ನ ತೆಳು ಪದರ. ಆಯಿಲ್ ತಪ್ಪಿತೋ, ಬೇರಿಂಗ್ ಹೋಗಲು ಕೆಲವೇ ಕ್ಷಣ ಸಾಕು. ಬೇರಿಂಗ್ ಹೋದ ಮೇಲೆ ಚಕ್ರ ಗೋಡೆಗೆ ತಾಗಿ ಮುರಿಯಬಹುದು, ಸೀಲ್ ದಾಟಿದ ಆಯಿಲ್ ಗಾಳಿಯ ದಾರಿಗೋ ಹೊಗೆಯ ದಾರಿಗೋ ನುಗ್ಗಬಹುದು. "ಮನೆ ಮುಟ್ಟಿಸಿಬಿಡೋಣ" ಎಂದು ಓಡಿಸುವ ಇಪ್ಪತ್ತು ಕಿಲೋಮೀಟರಿನಲ್ಲಿ ಟರ್ಬೊದ ಖರ್ಚು ಎಂಜಿನ್ನಿನ ಖರ್ಚಾಗಿ ಬದಲಾಗುವುದು ಹೀಗೆ.

ಮೊದಲ ಅಳತೆಗೋಲು: ಮತ್ತೆ ಚಾಲೂ ಮಾಡಬಹುದೇ?

ಸೇವೆಗಳನ್ನು ತೂಗುವ ಮೊದಲು ಕಾಯಿಲೆ ಯಾವ ಜಾತಿಯದು ಎಂದು ತಿಳಿಯಬೇಕು. ಟರ್ಬೊ ಹೋಯಿತು ಎಂದು ಬರುವ ಎಷ್ಟೋ ಕಾರುಗಳಲ್ಲಿ ಟರ್ಬೊ ಸರಿಯಾಗಿಯೇ ಇರುತ್ತದೆ.

ಪಿಕಪ್ ಇಲ್ಲ, ಅಕ್ಸಿಲರೇಟರ್ ಒತ್ತಿದಾಗ ಬುಸ್ ಎನ್ನುವ ಸದ್ದು, ಡೀಸೆಲ್ ಆದರೆ ಹಿಂದೆ ದಟ್ಟ ಕಪ್ಪು ಹೊಗೆ. ಇಷ್ಟಿದ್ದು ಆಯಿಲ್ ಮಟ್ಟ ಸರಿಯಾಗಿದ್ದರೆ ಮೊದಲು ಅನುಮಾನಿಸಬೇಕಾದುದು ಟರ್ಬೊದಿಂದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ಗೆ, ಅಲ್ಲಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸ್‌ಗಳನ್ನು. ಹೋಸ್ ಕಳಚಿದೆ ಅಥವಾ ಸೀಳಿದೆ. ಎಂಜಿನ್ ತಣಿದ ಮೇಲೆ ಬಾನೆಟ್ ಎತ್ತಿ ನೋಡಿದರೆ ಬಹಳ ಸಲ ಕಣ್ಣಿಗೇ ಕಾಣುತ್ತದೆ. ಕ್ಲಿಪ್ ಬಿಗಿಮಾಡಲು ಊರಿನ ಮೆಕ್ಯಾನಿಕ್ ಸಾಕು.

ಎರಡನೆಯದು ಚೆಕ್ ಎಂಜಿನ್ ದೀಪ ಹತ್ತಿ, ಕಾರು ಲಿಂಪ್ ಮೋಡ್‌ಗೆ ಹೋಗುವುದು. ಕಂಪ್ಯೂಟರ್ ತಾನಾಗಿಯೇ ಶಕ್ತಿಯನ್ನು ಕಡಿತಗೊಳಿಸುತ್ತದೆ, ವಿಚಿತ್ರ ಸದ್ದಾಗಲಿ ಹೊಗೆಯಾಗಲಿ ಇರುವುದಿಲ್ಲ. ಟರ್ಬೊ ಒತ್ತಡವನ್ನು ಹಿಡಿತದಲ್ಲಿಡುವ ಆಕ್ಟುವೇಟರ್, ಸೆನ್ಸರ್, ಇಲ್ಲವೇ ಕೆಲವು ಟರ್ಬೊಗಳ ಒಳಗಿರುವ, ಮಸಿ ಕಟ್ಟಿ ಅಂಟಿಕೊಂಡ ಸಣ್ಣ ರೆಕ್ಕೆಗಳು ಇದಕ್ಕೆ ಕಾರಣವಾಗಬಹುದು. ಸ್ಕ್ಯಾನರ್ ಹಾಕಿದರೆ ಒತ್ತಡ ಸಾಲದೆಂಬ ಪಿ0299 ಅಥವಾ ಒತ್ತಡ ಹೆಚ್ಚಾಯಿತೆಂಬ ಪಿ0234 ಸಂಕೇತ ಸಿಗುವುದು ಸಾಮಾನ್ಯ. ಬಯಲು ನಾಡಿನಲ್ಲಿ ಈ ಸ್ಥಿತಿಯ ಕಾರನ್ನು ಹತ್ತಿರದ ವರ್ಕ್‌ಶಾಪ್‌ವರೆಗೆ ನಿಧಾನವಾಗಿ ಓಡಿಸಬಹುದು. ಪೂರ್ತಿ ಜನ ಕೂತು ಗುಂಡ್ಯದಿಂದ ಸಕಲೇಶಪುರದ ಕಡೆಗೆ ಶಿರಾಡಿ ಹತ್ತುತ್ತಿದ್ದರೆ ಮಾತ್ರ ಮುಂದುವರಿಯಬೇಡಿ. ಹಿಂದಿನಿಂದ ಬರುವ ಟ್ಯಾಂಕರ್‌ಗಳಿಗೆ ನಿಮ್ಮ ಲಿಂಪ್ ಮೋಡ್ ಗೊತ್ತಿರುವುದಿಲ್ಲ.

ಮೂರನೆಯದು ನಿಜವಾದ ಅಪಾಯ. ಸೈರನ್ನಿನಂತೆ ಏರುವ ಕೀರಲು ಸದ್ದು ಅಥವಾ ಲೋಹ ಉಜ್ಜುವ ಸದ್ದು, ನೀಲಿ ಹೊಗೆ, ಆಯಿಲ್ ದೀಪ, ಡಿಪ್‌ಸ್ಟಿಕ್‌ನಲ್ಲಿ ಇಳಿದ ಮಟ್ಟ. ಇವುಗಳಲ್ಲಿ ಒಂದಿದ್ದರೂ ಎಂಜಿನ್ ಆಫ್ ಮಾಡಿ, ಮತ್ತೆ ಚಾಲೂ ಮಾಡಬೇಡಿ. "ಒಂದು ಸಲ ಸ್ಟಾರ್ಟ್ ಮಾಡಿ ನೋಡೋಣ ಸಾರ್" ಎಂದು ಯಾರೇ ಹೇಳಿದರೂ ಒಪ್ಪಬೇಡಿ, ಲಾರಿ ತಂದವನು ಹೇಳಿದರೂ ಸರಿಯೇ.

ಡೀಸೆಲ್ ಕಾರಿನವರು ಇನ್ನೊಂದು ಸಂಗತಿ ತಿಳಿದಿರಬೇಕು. ಟರ್ಬೊ ಸೀಲ್ ಹೋಗಿ ಆಯಿಲ್ ಗಾಳಿಯ ದಾರಿಗೆ ಸೇರಿದರೆ ಎಂಜಿನ್ ಆ ಆಯಿಲನ್ನೇ ಇಂಧನವಾಗಿ ಸುಡತೊಡಗುತ್ತದೆ. ಕೀ ತೆಗೆದರೂ ನಿಲ್ಲುವುದಿಲ್ಲ, ಆರ್‌ಪಿಎಂ ಏರುತ್ತಲೇ ಹೋಗುತ್ತದೆ, ಹಿಂದೆ ಬಿಳಿ ನೀಲಿ ಹೊಗೆಯ ಮೋಡ. ಮ್ಯಾನುಯಲ್ ಗೇರಿನ ಕಾರಾದರೆ ಬ್ರೇಕ್ ಬಲವಾಗಿ ಒತ್ತಿ, ಅತಿ ಮೇಲಿನ ಗೇರ್‌ಗೆ ಹಾಕಿ, ಕ್ಲಚ್ ಬಿಟ್ಟು ಎಂಜಿನ್ನನ್ನು ಉಸಿರುಗಟ್ಟಿಸಬೇಕು. ಮುಂದೆ ಜನ ಇಲ್ಲದಿದ್ದರೆ ಮಾತ್ರ ಇದನ್ನು ಮಾಡಿ. ಆಟೊಮ್ಯಾಟಿಕ್ ಆದರೆ ಈ ಉಪಾಯ ನಡೆಯುವುದಿಲ್ಲ. ಎಲ್ಲರನ್ನೂ ಇಳಿಸಿ ದೂರ ಸರಿಯುವುದೇ ಸರಿ. ಸಿಡಿಯಬಹುದಾದ ಎಂಜಿನ್ನಿನ ಮುಂದೆ ಬಾನೆಟ್ ತೆರೆದು ನಿಲ್ಲುವ ಸಾಹಸ ಬೇಡ.

ಉಳಿದ ಅಳತೆಗೋಲುಗಳು

ಎರಡನೆಯ ಪ್ರಶ್ನೆ, ಕಾರನ್ನು ಎಲ್ಲಿಗೆ ಇಳಿಸುತ್ತಾರೆ? ಬಹುಪಾಲು ಯೋಜನೆಗಳ ಕರಾರಿನಲ್ಲಿ "ಹತ್ತಿರದ ಅಧಿಕೃತ ವರ್ಕ್‌ಶಾಪ್" ಎಂದಿರುತ್ತದೆ, ಜೊತೆಗೆ ಇಷ್ಟು ಕಿಲೋಮೀಟರ್‌ವರೆಗೆ ಉಚಿತ ಎಂಬ ಮಿತಿ. ಅಧಿಕೃತ ವರ್ಕ್‌ಶಾಪ್‌ನಲ್ಲಿ ಸಾಮಾನ್ಯವಾಗಿ ಟರ್ಬೊವನ್ನು ಬಿಚ್ಚಿ ರಿಪೇರಿ ಮಾಡುವುದಿಲ್ಲ, ಇಡೀ ಟರ್ಬೊ ಹೊಸದು ಹಾಕುತ್ತಾರೆ. ಖಾಸಗಿ ಟರ್ಬೊ ಗ್ಯಾರೇಜಿನವರು ಒಳಗಿನ ತಿರುಗುವ ಭಾಗವಾದ ಕೋರ್ ಮಾತ್ರ ಬದಲಿಸಿ, ಬ್ಯಾಲೆನ್ಸ್ ಮಾಡಿ ಕೊಡುತ್ತಾರೆ. ಇವೆರಡರ ಬೆಲೆಯಲ್ಲಿರುವ ಅಂತರದ ಮುಂದೆ ಟೋಯಿಂಗ್ ಖರ್ಚು ಚಿಲ್ಲರೆ. ವಾರಂಟಿ ಇದ್ದವರಿಗೆ ಅಧಿಕೃತ ವರ್ಕ್‌ಶಾಪ್ ಬಿಟ್ಟು ಬೇರೆ ಮಾತೇ ಇಲ್ಲ. ವಾರಂಟಿ ಮುಗಿದವರಿಗೆ ಮಾತ್ರ "ಅಧಿಕೃತ" ಎಂಬ ಆ ಒಂದು ಪದ ದುಬಾರಿಯಾಗಬಹುದು.

ಮೂರನೆಯದು ಸಾಗಿಸುವ ಬಗೆ. ಫ್ಲಾಟ್‌ಬೆಡ್ ಎಂದರೆ ನಾಲ್ಕು ಚಕ್ರವೂ ಲಾರಿಯ ಮೇಲೆ. ಕ್ರೇನ್ ಅಥವಾ ಎರಡು ಚಕ್ರ ಎತ್ತುವ ಟೋಯಿಂಗ್ ಗಾಡಿಯಲ್ಲಿ ಉಳಿದೆರಡು ಚಕ್ರ ನೆಲದ ಮೇಲೆ ಉರುಳುತ್ತವೆ. ಸ್ವಿಫ್ಟ್, ನೆಕ್ಸಾನ್, ವೆನ್ಯೂನಂತಹ ಮುಂಚಕ್ರ ಎಳೆಯುವ ಕಾರುಗಳ ಮುಂಭಾಗ ಎತ್ತಿದರೆ ತೊಂದರೆಯಿಲ್ಲ. ಬೊಲೆರೊ, ಸ್ಕಾರ್ಪಿಯೊ, ಇನ್ನೋವಾ ಕ್ರಿಸ್ಟಾಗಳಲ್ಲಿ ಶಕ್ತಿ ಹಿಂಚಕ್ರಕ್ಕೆ ಹೋಗುವುದರಿಂದ ಎತ್ತಬೇಕಾದದ್ದು ಹಿಂಭಾಗವನ್ನು. ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಗಾಡಿಗೆ, ಯಾವುದೇ ಆಟೊಮ್ಯಾಟಿಕ್‌ಗೆ ಫ್ಲಾಟ್‌ಬೆಡ್ ಕೇಳಿ. ಎಂಜಿನ್ ಬಂದ್ ಆಗಿರುವಾಗ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನ ಆಯಿಲ್ ಪಂಪ್ ಕೆಲಸ ಮಾಡುವುದಿಲ್ಲ. ಎಳೆಯುವ ಚಕ್ರಗಳು ನೆಲದ ಮೇಲೆ ಉರುಳಿದರೆ ಟರ್ಬೊ ಜೊತೆ ಗೇರ್‌ಬಾಕ್ಸ್ ಕೂಡ ಬಿಲ್‌ಗೆ ಸೇರುತ್ತದೆ.

ನಾಲ್ಕನೆಯದು ನಿಂತ ಜಾಗ. ಬೆಂಗಳೂರಿನ ಹೊರವರ್ತುಲ ರಸ್ತೆಗೂ ಆಗುಂಬೆಯ ತಿರುವಿಗೂ ಒಂದೇ ಸೇವೆ ಒಂದೇ ರೀತಿ ಒದಗುವುದಿಲ್ಲ. ಹಣವನ್ನು ನಾನು ಕೊನೆಗೆ ಇಟ್ಟಿದ್ದೇನೆ, ಏಕೆಂದರೆ ಟೋಯಿಂಗ್‌ನಲ್ಲಿ ಉಳಿಸಿದ ಹಣವನ್ನು ಗ್ಯಾರೇಜ್ ವಸೂಲಿ ಮಾಡಿಕೊಳ್ಳುತ್ತದೆ.

ಕಾರು ಕಂಪನಿಯ ನೆರವು

ಹೊಸ ಕಾರಿನ ಜೊತೆ ಕೆಲವು ವರ್ಷ ಬರುತ್ತದೆ, ಆಮೇಲೆ ಹಣ ಕಟ್ಟಿ ಮುಂದುವರಿಸಬಹುದು. ವಾರಂಟಿ ಚಾಲ್ತಿಯಲ್ಲಿದ್ದರೆ ಮೊದಲ ಕರೆ ಇವರಿಗೇ ಹೋಗಬೇಕು. ಕರೆಯ ದಾಖಲೆ, ನಿಂತ ಜಾಗ, ಸಮಯ ಎಲ್ಲವೂ ಕಂಪನಿಯ ಲೆಕ್ಕದಲ್ಲೇ ಇರುವುದರಿಂದ "ಕೆಟ್ಟ ಮೇಲೂ ಓಡಿಸಿದ್ದೀರಿ" ಎಂದು ವರ್ಕ್‌ಶಾಪ್‌ನವರು ತಗಾದೆ ತೆಗೆಯುವುದು ಕಷ್ಟ. ಈಗಿನ ಸಣ್ಣ ಟರ್ಬೊ ಪೆಟ್ರೋಲ್ ಕಾರುಗಳು, ಅಂದರೆ ಫ್ರಾಂಕ್ಸ್‌ನ ಬೂಸ್ಟರ್‌ಜೆಟ್, ಹ್ಯುಂಡೈನ ಒಂದು ಲೀಟರ್ ಟರ್ಬೊ, ಸ್ಕೋಡಾ ಮತ್ತು ಫೋಕ್ಸ್‌ವ್ಯಾಗನ್‌ನ ಟಿಎಸ್‌ಐ, ಇವನ್ನು ಕೊಂಡವರು ವಾರಂಟಿ ಇರುವಷ್ಟು ದಿನ ಬೇರೇನೂ ಕೊಳ್ಳಬೇಕಾಗಿಲ್ಲ. ನಡುವೆ ಖಾಸಗಿ ಮೆಕ್ಯಾನಿಕ್ ಕೈಯಿಂದ ಟರ್ಬೊ ಮುಟ್ಟಿಸಬೇಡಿ. ಸರ್ವಿಸ್ ಬಿಲ್‌ಗಳನ್ನು ಕಾರಿನಲ್ಲೋ ಮೊಬೈಲ್‌ನಲ್ಲೋ ಇಟ್ಟಿರಿ. ಟರ್ಬೊ ವಾರಂಟಿಯ ಮಾತು ಬಂದಾಗ ಆಯಿಲ್ ಯಾವಾಗ ಬದಲಿಸಿದ್ದೀರಿ ಎಂದು ಕೇಳುವುದು ಖಚಿತ.

ಕೊರತೆಯೂ ಇದೆ. ಸಹಾಯವಾಣಿಗೆ ಉತ್ತರಿಸುವವರು ಬೇರೆ ರಾಜ್ಯದಲ್ಲಿ ಕೂತಿರಬಹುದು. ಅವರಿಗೆ ಕೊಟ್ಟಿಗೆಹಾರ ಎಲ್ಲಿದೆ ಎಂದು ವಿವರಿಸಿ ಹೇಳುವುದಕ್ಕಿಂತ ಮೊಬೈಲಿನಿಂದ ಜಾಗದ ಗುರುತು ಕಳಿಸುವುದು ಸುಲಭ. ಆದರೆ ಚಾರ್ಮಾಡಿಯ ನಡುವೆ ನೆಟ್‌ವರ್ಕ್ ಸಿಗಬೇಕಲ್ಲ! ಮಲೆನಾಡಿನಲ್ಲಿ ಅಧಿಕೃತ ವರ್ಕ್‌ಶಾಪ್ ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಮಂಗಳೂರಿನಲ್ಲೋ ಇದ್ದರೆ ಉಚಿತ ಮಿತಿ ಮೀರಿದ ಪ್ರತಿ ಕಿಲೋಮೀಟರಿಗೂ ಹಣ ಕೊಡಬೇಕು. ಆ ದರ ಎಷ್ಟೆಂದು ಇಂದೇ ಕೇಳಿಟ್ಟುಕೊಳ್ಳಿ.

ವಿಮೆಯ ಆಡ್-ಆನ್

ಬೆಲೆಯಲ್ಲಿ ಇದನ್ನು ಮೀರಿಸುವುದು ಕಷ್ಟ. ವರ್ಷಕ್ಕೆ ಸಾಮಾನ್ಯವಾಗಿ ಕೆಲವು ನೂರು ರೂಪಾಯಿಯೊಳಗೆ ಮುಗಿಯುತ್ತದೆ. ಆದರೆ ಇದರ ಬಗ್ಗೆ ಇರುವಷ್ಟು ತಪ್ಪು ಕಲ್ಪನೆ ಬೇರೆ ಯಾವುದರ ಬಗ್ಗೆಯೂ ಇಲ್ಲ. ಕಾಂಪ್ರೆಹೆನ್ಸಿವ್ ವಿಮೆ ಇದೆ, ಟರ್ಬೊ ಹೋದರೆ ವಿಮೆಯವರು ಕೊಡುತ್ತಾರೆ ಎಂದು ನಂಬಿದವರಿದ್ದಾರೆ. ಕೊಡುವುದಿಲ್ಲ. ಯಾಂತ್ರಿಕ ದೋಷ, ಸವೆತ ಎರಡೂ ಪಾಲಿಸಿಯ ಹೊರಗಿನವು. ಮೂಲ ಪಾಲಿಸಿಯಲ್ಲಿ ಕಾರನ್ನು ಗ್ಯಾರೇಜಿಗೆ ಸಾಗಿಸಲು ಸಿಗುವ 1,500 ರೂಪಾಯಿವರೆಗಿನ ಮೊತ್ತ ಕೂಡ ಅಪಘಾತಕ್ಕೆ ಮಾತ್ರ. ರೋಡ್‌ಸೈಡ್ ಆಡ್-ಆನ್ ಕೊಂಡರೆ ಕೆಟ್ಟು ನಿಂತ ಕಾರನ್ನು ಸಾಗಿಸುವ ಖರ್ಚು ಸಿಗುತ್ತದೆ, ರಿಪೇರಿಯದ್ದಲ್ಲ. ಎಂಜಿನ್ ಪ್ರೊಟೆಕ್ಟ್ ಎಂಬ ಇನ್ನೊಂದು ಆಡ್-ಆನ್ ಇದೆಯಲ್ಲ ಎನ್ನಬಹುದು. ಅದು ಮುಖ್ಯವಾಗಿ ನೀರು ನುಗ್ಗಿದ್ದಕ್ಕೆ, ಕೆಳಗೆ ಕಲ್ಲು ಬಡಿದು ಆಯಿಲ್ ಸೋರಿ ಎಂಜಿನ್ ಹಾಳಾದದ್ದಕ್ಕೆ. ಲಕ್ಷ ಕಿಲೋಮೀಟರ್ ಓಡಿ ಸವೆದ ಟರ್ಬೊಕ್ಕೆ ಅಲ್ಲ.

ಹಾಗಿದ್ದರೂ ವಾರಂಟಿ ಮುಗಿದು, ಹೆಚ್ಚಾಗಿ ಊರಿನೊಳಗೇ ಓಡಾಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರುಗಳಲ್ಲಿ ಲಾರಿ ಸಿಗುವುದು ಕಷ್ಟವಲ್ಲ, ದೂರದ ಮಿತಿಯೂ ಅಡ್ಡಬರುವುದಿಲ್ಲ. ಕೊಳ್ಳುವಾಗ ಎರಡು ಸಾಲು ಓದಿ: ವರ್ಷಕ್ಕೆ ಎಷ್ಟು ಸಲ, ಮತ್ತು ಇಳಿಸುವ ಜಾಗ ನೀವು ಹೇಳಿದ್ದೋ ಅವರು ಹೇಳಿದ್ದೋ.

ಖಾಸಗಿ ಸದಸ್ಯತ್ವ

ರೋಡ್‌ಸೈಡ್ ನೆರವನ್ನೇ ಮಾರುವ ಖಾಸಗಿ ಕಂಪನಿಗಳಿಗೆ ಹಣ ಕಟ್ಟಿ ಸದಸ್ಯರಾಗುವುದು ಇದು. ಆಡ್-ಆನ್‌ಗಿಂತ ದುಬಾರಿ. ಕೆಲವು ಯೋಜನೆಗಳಲ್ಲಿ ಇಳಿಸುವ ಜಾಗವನ್ನು ನೀವೇ ಆರಿಸಬಹುದು, ದೂರದ ಮಿತಿ ಕೂಡ ಹೆಚ್ಚಿರುತ್ತದೆ. ಹಳೆಯ ಡೀಸೆಲ್ ಕಾರಿನವರಿಗೆ ಈ ಒಂದು ಸೌಲಭ್ಯಕ್ಕಾಗಿಯೇ ಇದು ಯೋಗ್ಯ. ನಮ್ಮ ರಸ್ತೆಗಳಲ್ಲಿ ಇಂದಿಗೂ ಎಲ್ಲೆಲ್ಲೂ ಕಾಣುವ 1.3 ಲೀಟರ್ ಡೀಸೆಲ್ ಸ್ವಿಫ್ಟ್, ಡಿಸೈರ್‌ಗಳನ್ನು ನೋಡಿ. ಫಿಯಟ್ ಮೂಲದ ಆ ಎಂಜಿನ್ನಿನ ಡೀಸೆಲ್ ಕಾರುಗಳನ್ನು 2020ರ ಏಪ್ರಿಲ್‌ನಲ್ಲಿ ಬಿಎಸ್6 ಮಾಲಿನ್ಯ ನಿಯಮ ಜಾರಿಗೆ ಬರುವ ಹೊತ್ತಿಗೆ ಮಾರುತಿ ಕೈಬಿಟ್ಟಿತು. ಈಗ ಇರುವುದೆಲ್ಲ ವಾರಂಟಿ ದಾಟಿದವು, ಅನೇಕವು ಎರಡನೆಯ ಮೂರನೆಯ ಮಾಲೀಕರ ಕೈಯಲ್ಲಿವೆ. ಸ್ವಿಫ್ಟ್, ಡಿಸೈರ್‌ಗಳಲ್ಲಿ ಇದ್ದದ್ದು ಸರಳ ಟರ್ಬೊ. ಅದೇ ಎಂಜಿನ್ನಿನ ಎರ್ಟಿಗಾ, ಸಿಯಾಜ್‌ಗಳಲ್ಲಿ ರೆಕ್ಕೆಗಳ ಕೋನ ಬದಲಾಗುವ ವಿಜಿಟಿ ಟರ್ಬೊ ಇತ್ತು, ಮಸಿ ಕಟ್ಟಿ ಅಂಟುವ ಕಾಯಿಲೆ ಈ ಎರಡನೆಯದಕ್ಕೆ ಬರುವಂಥದ್ದು. ಎರಡನ್ನೂ ಬಿಚ್ಚಿ ಸರಿಮಾಡಬಲ್ಲ ಕೈಗಳು ದೊಡ್ಡ ಊರುಗಳಲ್ಲಿವೆ. ಕಾರಿನ ಈಗಿನ ಬೆಲೆಗೆ ಹೋಲಿಸಿದರೆ ಹೊಸ ಟರ್ಬೊ ಹಾಕಿಸುವುದು ಎಷ್ಟೋ ಸಲ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಲಾರಿ ನಿಮ್ಮ ಗ್ಯಾರೇಜಿನ ಬಾಗಿಲಿಗೇ ಹೋಗಬೇಕು.

ಒಂದು ಎಚ್ಚರಿಕೆ. ಕಾರು ಕೆಟ್ಟ ಮೇಲೆ ಸದಸ್ಯತ್ವ ಕೊಂಡು ಅಂದೇ ಕರೆಯಬಹುದು ಎಂದು ಲೆಕ್ಕ ಹಾಕಬೇಡಿ. ಹಲವರು ಮೊದಲ ಕೆಲವು ದಿನ ಸೇವೆ ಕೊಡುವುದಿಲ್ಲ, ಕಾರಿನ ವಯಸ್ಸಿಗೆ ಮಿತಿ ಇಟ್ಟವರೂ ಇದ್ದಾರೆ. ಇನ್ನೊಂದು ಮಾತು: ಕಂಪನಿ, ವಿಮೆ, ಖಾಸಗಿ, ಯಾರಿಗೇ ಕರೆ ಮಾಡಿದರೂ ಸಣ್ಣ ಊರುಗಳಲ್ಲಿ ಕೊನೆಗೆ ಬರುವುದು ಒಪ್ಪಂದದ ಮೇಲೆ ಓಡುವ ಅದೇ ಊರಿನ ಲಾರಿ. ಹಾಗಾಗಿ ಇಬ್ಬರ ಬಳಿ ಎರಡು ಯೋಜನೆ ಕೊಳ್ಳುವುದರಿಂದ ಲಾರಿ ಎರಡಾಗುವುದಿಲ್ಲ.

1033

ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಸಹಾಯವಾಣಿ ಇದು, ದಿನವಿಡೀ ತೆರೆದಿರುತ್ತದೆ. ಬೆಂಗಳೂರು–ಮೈಸೂರು, ತುಮಕೂರು–ಚಿತ್ರದುರ್ಗ–ಹುಬ್ಬಳ್ಳಿಯಂತಹ ಟೋಲ್ ರಸ್ತೆಗಳಲ್ಲಿ ಗಸ್ತು ವಾಹನ, ಕ್ರೇನ್, ಆಂಬುಲೆನ್ಸ್ ಇರುತ್ತವೆ. ವೇಗದ ರಸ್ತೆಯಲ್ಲಿ ಲೇನ್ ನಡುವೆ ನಿಂತಿದ್ದರೆ ಬೇರೆ ಎಲ್ಲ ಕರೆಗಳಿಗಿಂತ ಮೊದಲು ಇದು. ಆದರೆ ಇವರ ಕೆಲಸ ರಸ್ತೆ ತೆರವು. ಕಾರನ್ನು ಸುರಕ್ಷಿತ ಜಾಗಕ್ಕೋ ಟೋಲ್ ಬಳಿಗೋ ಸರಿಸುತ್ತಾರೆ, ನಿಮ್ಮ ಗ್ಯಾರೇಜಿಗಲ್ಲ. ರಾಜ್ಯ ಹೆದ್ದಾರಿ ಇವರ ವ್ಯಾಪ್ತಿಗೆ ಬರುವುದಿಲ್ಲ. ಟೋಲ್ ಇಲ್ಲದ ಘಾಟಿಗಳಲ್ಲಿ ಇದನ್ನೇ ನಂಬಿ ಕೂರಬೇಡಿ, ಅಪಾಯದ ತಿರುವಿನಲ್ಲಿ ನಿಂತಿದ್ದರೆ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ. ಇದನ್ನು ಆಯ್ಕೆ ಎನ್ನುವುದಕ್ಕಿಂತ ಉಳಿದ ಯಾವುದೇ ಆಯ್ಕೆಗೆ ಮುಂಚಿನ ಹೆಜ್ಜೆ ಎನ್ನುವುದು ಸರಿ.

ಸ್ಥಳೀಯ ಕ್ರೇನ್, ರಿಕವರಿಯವರು

ಘಾಟಿಯಲ್ಲಿ ನನ್ನ ಮತ ಇವರಿಗೆ. ಶಿರಾಡಿಗೆ ಸಕಲೇಶಪುರ ಅಥವಾ ಉಪ್ಪಿನಂಗಡಿ ಕಡೆಯವರು, ಚಾರ್ಮಾಡಿಗೆ ಉಜಿರೆ ಅಥವಾ ಮೂಡಿಗೆರೆಯವರು, ಸಂಪಾಜೆಗೆ ಸುಳ್ಯ ಅಥವಾ ಮಡಿಕೇರಿಯವರು ಎಲ್ಲಿ ಲಾರಿ ತಿರುಗಿಸಬಹುದು, ಮಳೆಗಾಲದಲ್ಲಿ ಯಾವ ರಸ್ತೆ ಮುಚ್ಚಿದೆ ಎಂದು ಬಲ್ಲರು. 2024ರ ಜುಲೈನಲ್ಲಿ ದೊಡ್ಡತಪ್ಪಲೆಯ ಬಳಿ ಗುಡ್ಡ ಕುಸಿದು ಶಿರಾಡಿಯಲ್ಲಿ ಮತ್ತೆ ಮತ್ತೆ ಸಂಚಾರ ನಿಂತಿತ್ತು. ಅಂಥ ದಿನಗಳಲ್ಲಿ ದೂರದ ಸಹಾಯವಾಣಿಯ ಪರದೆಯ ಮೇಲಿನ ನಕ್ಷೆಗಿಂತ ಗುಂಡ್ಯದ ಹೋಟೆಲ್ಲಿನವರ ಮಾತನ್ನೇ ನಂಬಬೇಕು. ಆಗುಂಬೆಯ ಹೇರ್‌ಪಿನ್ ತಿರುವುಗಳಲ್ಲಿ ಉದ್ದನೆಯ ಫ್ಲಾಟ್‌ಬೆಡ್ ತರಲು ಹೊರಗಿನ ಚಾಲಕರು ಹಿಂಜರಿಯಬಹುದು. ಕ್ರೇನ್‌ನಿಂದ ಕೆಳಗೆ ಸೋಮೇಶ್ವರಕ್ಕೋ ಮೇಲೆ ಆಗುಂಬೆ ಪೇಟೆಗೋ ತಂದು ಅಲ್ಲಿ ಫ್ಲಾಟ್‌ಬೆಡ್‌ಗೆ ಹತ್ತಿಸುವುದು ಎಷ್ಟೋ ಮೇಲು.

ತೊಂದರೆ ದರದ್ದು. ಸಿಕ್ಕಿಬಿದ್ದವರ ಮುಖ ನೋಡಿ ದರ ಹೇಳುವವರೂ ಉಂಟು. ಲಾರಿ ಹೊರಡುವ ಮೊದಲೇ ಫೋನಿನಲ್ಲಿ ಒಟ್ಟು ಮೊತ್ತ ಕೇಳಿ: ಕನಿಷ್ಠ ದರ ಎಷ್ಟು, ಕಿಲೋಮೀಟರ್ ಲೆಕ್ಕ ಎಲ್ಲಿಂದ ಶುರು, ವಾಪಸು ಹೋಗುವ ದೂರವೂ ಸೇರಿದೆಯೇ, ರಾತ್ರಿಗೆ ಹೆಚ್ಚೇ, ಟೋಲ್ ಯಾರದು. ಒಪ್ಪಿದ ಮೊತ್ತವನ್ನು ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಯೋಜನೆ ಇದ್ದರೆ ಸಹಾಯವಾಣಿಗೆ ತಿಳಿಸಿ ಒಪ್ಪಿಗೆ ಪಡೆದ ಮೇಲೆ ಸ್ಥಳೀಯ ಲಾರಿ ಕರೆಯುವುದು ಒಳ್ಳೆಯದು, ಬಿಲ್ ಕೊಟ್ಟರೆ ಒಂದಷ್ಟು ಹಣ ಮರಳಿಸುವ ಯೋಜನೆಗಳಿವೆ. ಲಾರಿಯವರು "ನನಗೆ ಗೊತ್ತಿರುವ ಗ್ಯಾರೇಜಿದೆ" ಎಂದರೆ ನಯವಾಗಿ ಬೇಡವೆನ್ನಿ.

ಹಗ್ಗ ಕಟ್ಟಿ ಎಳೆಯುವುದು

ಖರ್ಚಿಲ್ಲ ಎಂಬ ಒಂದೇ ಗುಣ. ಎಂಜಿನ್ ಓಡದಿದ್ದರೆ ಬ್ರೇಕ್‌ಗೆ ಸಿಗುವ ನೆರವು ಎರಡು ಮೂರು ಸಲ ಒತ್ತುವಷ್ಟರಲ್ಲಿ ಮುಗಿಯುತ್ತದೆ, ಆಮೇಲೆ ಪೆಡಲ್ ಕಲ್ಲು. ಸ್ಟಿಯರಿಂಗ್ ಕೂಡ ಭಾರ. ಎಳೆಯುವ ಗಾಡಿಗೂ ನಿಮ್ಮ ಗಾಡಿಗೂ ನಡುವೆ ಐದು ಮೀಟರ್‌ಗಿಂತ ಹೆಚ್ಚು ಅಂತರ ಇರಬಾರದು ಎನ್ನುತ್ತದೆ ರಸ್ತೆ ನಿಯಮ. ಅಷ್ಟು ಹತ್ತಿರದಲ್ಲಿ, ಇಳಿಜಾರಿನಲ್ಲಿ, ಕಲ್ಲಿನಂತಹ ಬ್ರೇಕ್! ಸಮತಟ್ಟು ರಸ್ತೆಯಲ್ಲಿ ಮ್ಯಾನುಯಲ್ ಕಾರನ್ನು ಪೆಟ್ರೋಲ್ ಬಂಕ್‌ವರೆಗೆ ಸರಿಸಲು ಸರಿ. ಘಾಟಿಯಲ್ಲಿ ಖಂಡಿತ ಬೇಡ. ಕೊಕ್ಕೆ ಹಾಕುವ ಉಂಗುರ ಬಹಳಷ್ಟು ಕಾರುಗಳಲ್ಲಿ ಡಿಕ್ಕಿಯಲ್ಲಿ ಸ್ಟೆಪ್ನಿಯ ಬಳಿ ಇರುತ್ತದೆ, ಬಂಪರ್‌ನ ಸಣ್ಣ ಮುಚ್ಚಳ ತೆಗೆದು ಅಲ್ಲಿ ತಿರುಪಬೇಕು. ಫ್ಲಾಟ್‌ಬೆಡ್‌ಗೆ ಹತ್ತಿಸುವಾಗಲೂ ಅದು ಬೇಕಾಗುತ್ತದೆ. ಎಲ್ಲಿದೆ ಎಂದು ಇವತ್ತೇ ನೋಡಿಡಿ.

ಯಾರಿಗೆ ಯಾವುದು

ವಾರಂಟಿ ಇರುವ ಕಾರಿಗೆ ಕಂಪನಿಯ ನೆರವು ಸಾಕು. ಐದಾರು ವರ್ಷ ದಾಟಿದ, ಊರಿನೊಳಗೆ ಓಡುವ ಕಾರಿಗೆ ವಿಮೆಯ ಆಡ್-ಆನ್. ತಿಂಗಳಿಗೆ ಒಂದೆರಡು ಸಲ ಬೆಂಗಳೂರಿನಿಂದ ಮಂಗಳೂರಿಗೋ ಉಡುಪಿಗೋ ಇಳಿಯುವ ಹಳೆಯ ಡೀಸೆಲ್ ಕಾರಿನವರಿಗೆ, ಇಳಿಸುವ ಜಾಗ ತಾವೇ ಹೇಳಬಹುದಾದ ಖಾಸಗಿ ಸದಸ್ಯತ್ವ, ಜೊತೆಗೆ ಘಾಟಿಯ ಎರಡೂ ತುದಿಯ ಒಬ್ಬೊಬ್ಬ ಕ್ರೇನಿನವರ ನಂಬರ್. ವಯಸ್ಸಾದವರು, ಮಕ್ಕಳು ಇದ್ದು ರಾತ್ರಿ ಪ್ರಯಾಣ ಹೆಚ್ಚಿದ್ದರೆ ಜನರನ್ನು ಮುಂದಕ್ಕೆ ತಲುಪಿಸಲು ಟ್ಯಾಕ್ಸಿ ಅಥವಾ ತಂಗಲು ಕೊಠಡಿ ಕೊಡುವ ಯೋಜನೆಗೆ ಇನ್ನಷ್ಟು ಹಣ ಹಾಕುವುದು ತಪ್ಪಲ್ಲ. ಫ್ಲಾಟ್‌ಬೆಡ್‌ನ ಕ್ಯಾಬಿನ್ನಿನಲ್ಲಿ ಐದು ಜನ ಕೂರಲು ಆಗುವುದಿಲ್ಲ, ಲಾರಿಯ ಮೇಲಿನ ಕಾರಿನಲ್ಲಿ ಕೂರುವಂತೆಯೂ ಇಲ್ಲ.

ಹಳದಿ ಬೋರ್ಡಿನ ಟ್ಯಾಕ್ಸಿಯವರ ಲೆಕ್ಕ ಬೇರೆಯೇ. ಹಲವು ಯೋಜನೆಗಳು ಖಾಸಗಿ ನೋಂದಣಿಗೆ ಮಾತ್ರ, ಕೊಳ್ಳುವ ಮೊದಲೇ ಕೇಳಬೇಕು. ಕಾರು ನಿಂತ ಪ್ರತಿ ದಿನವೂ ನಷ್ಟವಾದ್ದರಿಂದ, ಬದಲಿ ಟರ್ಬೊ ಸಿದ್ಧ ಇಟ್ಟುಕೊಂಡಿರುವ ಗ್ಯಾರೇಜನ್ನು ಮೊದಲೇ ಗುರುತಿಸಿ, ಅಲ್ಲಿಗೇ ಲಾರಿ ಹೋಗುವಂತೆ ಸ್ಥಳೀಯರೊಡನೆ ದರ ಮಾತಾಡಿಟ್ಟುಕೊಳ್ಳುವುದು ಅವರಿಗೆ ಯಾವ ಸದಸ್ಯತ್ವಕ್ಕಿಂತಲೂ ಲಾಭ.

ಲಾರಿ ಬರುವವರೆಗೆ ಹೊಗೆ ಅಥವಾ ಆಯಿಲ್ ಸೋರಿದ ಗುರುತು, ಮೀಟರ್, ಹತ್ತಿದ ದೀಪಗಳ ವಿಡಿಯೊ ತೆಗೆದಿಡಿ. ಇಳಿಸಿದ ಮೇಲೆ ವರ್ಕ್‌ಶಾಪ್‌ನವರಿಂದ ಸಹಿ ಪಡೆಯದೆ ಬರಬೇಡಿ, ಮುಚ್ಚಿದ ಗೇಟಿನ ಮುಂದೆ ರಾತ್ರಿ ಕಾರು ಇಳಿಸಿ ಹೋದರೆ ಬೆಳಗಿನವರೆಗೆ ಅದು ಯಾರ ಹೊಣೆಯೂ ಅಲ್ಲ. ಜಾಬ್ ಕಾರ್ಡ್ ಬರೆಯುವಾಗ ಮೂರು ಕೆಲಸ ಸೇರಿಸಲು ಹೇಳಿ: ಇಂಟರ್‌ಕೂಲರ್ ಮತ್ತು ಪೈಪ್‌ಗಳಲ್ಲಿ ನಿಂತ ಆಯಿಲ್ ಮತ್ತು ಲೋಹದ ಚೂರು ತೆಗೆದು ತೊಳೆಯುವುದು, ಟರ್ಬೊಗೆ ಆಯಿಲ್ ತರುವ ಪೈಪ್ ಬದಲಿಸುವುದು, ಆಯಿಲ್ ಮತ್ತು ಫಿಲ್ಟರ್ ಹೊಸದು ಹಾಕುವುದು. ಕಟ್ಟಿಕೊಂಡ ಹಳೆಯ ಪೈಪನ್ನೇ ಬಿಟ್ಟರೆ ಹೊಸ ಟರ್ಬೊಗೂ ಆಯಿಲ್ ಸಿಗುವುದಿಲ್ಲ.